ಗುಡ್ಡದ ಬುಡದ ಆರು ಡಬ್ಬಿಗಳು

ನವಿ ಮುಂಬಯಿಯ ಖಾರಘರದಲ್ಲಿ ಪಾರಿವಾಳದ ಕಾಟವಿಲ್ಲದ ಬಾಲ್ಕನಿ ಇಲ್ಲ. ಕೆಲವರು ಬಲೆ ಕಟ್ಟಿಸುತ್ತಾರೆ, ಕೆಲವರು ಹಳೆಯ ಸಿ.ಡಿ.ಗಳನ್ನು ದಾರಕ್ಕೆ ಪೋಣಿಸಿ ತೂಗುಬಿಡುತ್ತಾರೆ. ನಮ್ಮ ಕೆಳಗಿನ ಮಹಡಿಯ ಅಕ್ಕ ಮಾತ್ರ ಗಾಲ್ಫ್ ಕೋಲು ಹಿಡಿದು ಓಡಿಸುತ್ತಾರೆ. ಮೊನ್ನೆ ಅವರ ಯಜಮಾನರ ವರ್ಷಾಂತಿಕದ ಊಟಕ್ಕೆ ಹೋದಾಗ ಆ ಕೋಲನ್ನು ನೋಡಿ ನನಗೆ ನಗು ಬಂತು. ನಗಬಾರದ ದಿನ ಎಂದು ಸೆರಗು ಬಾಯಿಗೆ ಹಿಡಿದೆ. ಅಕ್ಕನೇ ನಕ್ಕುಬಿಟ್ಟರು.

“ಇವ್ರು ಇದ್ರಲ್ಲಿ ಒಂದು ಚೆಂಡು ನೇರ ಹೊಡ್ದದ್ದು ನಾನು ಕಂಡದ್ದಿಲ್ಲ. ನನ್ನ ಕೈಯಲ್ಲಾದ್ರೆ ದಿನಾ ಉಪಯೋಗ ಆಗ್ತದೆ,” ಎಂದರು.

ಬಿಲ್ಡಿಂಗಿನ ಮಕ್ಕಳಿಗೆಲ್ಲ ಅಕ್ಕನ ಯಜಮಾನರು ಅಂಕಲ್, ಊರ ಕಡೆಯವರಿಗೆ ಮಾಮ. ಮೈಸೂರಿನವಳಾದ ನನಗೂ ಮಾಮ ಎಂದೇ ರೂಢಿಯಾಯಿತು. ಹೆಸರು ಬರೆಯುವುದಿಲ್ಲ. ಬರೆದರೆ ಅಕ್ಕನಿಗೆ ಹಿಡಿಸುವುದಿಲ್ಲ, ಮಾಮನಿಗಂತೂ ಹೆಸರಿನ ಜತೆಗೆ ಹುದ್ದೆಯನ್ನೂ ಬರೆಯದಿದ್ದರೆ ಸಮಾಧಾನವಿರುತ್ತಿರಲಿಲ್ಲ. ಹುದ್ದೆಯೆಂದರೆ ಹೆಡ್ ಸ್ಟುವರ್ಡ್. ಉಡುಪಿಯ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಬಂದು, ಮುಂಬಯಿಯ ಒಂದು ದೊಡ್ಡ ಕ್ಲಬ್ಬಿನಲ್ಲಿ ಗ್ಲಾಸು ತೊಳೆಯುವುದರಿಂದ ಶುರುಮಾಡಿ, ಅದೇ ಕ್ಲಬ್ಬಿನ ಗಾಲ್ಫ್ ವರಾಂಡಕ್ಕೆ ಮುಖ್ಯಸ್ಥರಾಗಿ ನಿವೃತ್ತರಾದವರು.

ಆ ಕೆಲಸ ಅವರ ಮೈಯಿಂದ ಪೂರ್ತಿ ಇಳಿದುಹೋಗಲೇ ಇಲ್ಲ. ಯಾರ ಮನೆಗೆ ಬಂದರೂ ಬಾಗಿಲಲ್ಲಿ ಸ್ವಲ್ಪ ಓರೆಯಾಗಿ ಒಳಗೆ ಬರುತ್ತಿದ್ದರು, ಎದುರಿನಿಂದ ಯಾರೋ ತಟ್ಟೆ ಹಿಡಿದು ಬರುತ್ತಿದ್ದಾರೆ ಎಂಬಂತೆ. ಮಾತಿನ ಮಧ್ಯೆ ಅವರ ಕಣ್ಣು ನಮ್ಮ ಮುಖದಿಂದ ಜಾರಿ ನಮ್ಮ ಲೋಟದ ಮೇಲೆ ಹೋಗುತ್ತಿತ್ತು. ಸೊಸೈಟಿ ಮೀಟಿಂಗಿನಲ್ಲಿ ನೀರಿನ ಟ್ಯಾಂಕರಿನ ವಿಷಯಕ್ಕೆ ಎಲ್ಲರೂ ಕೂಗಾಡುತ್ತಿದ್ದರೆ, ಮಾಮ ಎದ್ದು ಸದ್ದಿಲ್ಲದೆ ಚಹಾದ ಕಪ್ಪುಗಳನ್ನು ಒಂದರೊಳಗೊಂದು ಸೇರಿಸಿಟ್ಟು, ಟೇಬಲ್ ಒರೆಸಿ, ಮತ್ತೆ ಬಂದು ಕೂರುತ್ತಿದ್ದರು. ಅವರು ಸೊಸೈಟಿಯ ಖಜಾಂಚಿ ಎಂಬುದು ಹೊಸಬರಿಗೆ ಗೊತ್ತಾಗಲು ಎರಡು ಮೀಟಿಂಗು ಬೇಕಾಗುತ್ತಿತ್ತು.

ಗಾಲ್ಫನ್ನು ಅವರು ಕಲಿತದ್ದು ಕಿವಿಯಿಂದ. ಬಿಳಿಯ ಸಣ್ಣ ಚೆಂಡನ್ನು ಕೋಲಿನಿಂದ ಹೊಡೆದು ದೂರದ ಗುಳಿಗೆ ಬೀಳಿಸಬೇಕು, ಯಾರು ಕಡಿಮೆ ಹೊಡೆತದಲ್ಲಿ ಬೀಳಿಸುತ್ತಾರೋ ಅವರು ಆ ಗುಳಿ ಗೆದ್ದಂತೆ. ಆಟ ಇಷ್ಟೇ. ಆದರೆ ಆಟ ಮುಗಿಸಿ ವರಾಂಡಕ್ಕೆ ಬಂದ ಸಾಹೇಬರು ಆಡುವ ಮಾತು ಇಷ್ಟಕ್ಕೆ ಮುಗಿಯುವುದಿಲ್ಲವಂತೆ. ಯಾವ ಹೊಡೆತ ಯಾಕೆ ತಪ್ಪಿತು, ಗಾಳಿ ಎಲ್ಲಿಂದ ಬಂತು, ಭುಜ ಎಷ್ಟು ತಿರುಗಬೇಕಿತ್ತು, ಇದನ್ನೆಲ್ಲ ನಿಂಬೆಹಣ್ಣಿನ ಪಾನಕ ಕೊಡುತ್ತ, ಬಿಯರ್ ಸುರಿಯುತ್ತ, ಮಾಮ ಮೂವತ್ತು ವರ್ಷ ಕೇಳಿದ್ದರು. ಹೀಗಾಗಿ ಗಾಲ್ಫಿನ ಮಾತು ಅವರಿಗೆ ನಿರರ್ಗಳವಾಗಿ ಬರುತ್ತಿತ್ತು. ಗಾಲ್ಫ್ ಮಾತ್ರ ಬರುತ್ತಿರಲಿಲ್ಲ. ಅಲ್ಲಿನ ಹುಲ್ಲಿನ ಮೇಲೆ ಕೋಲು ಹಿಡಿದು ನಿಲ್ಲುವುದು ನೌಕರರಿಗೆ ನಿಷಿದ್ಧವಾಗಿತ್ತು.

ಆ ಸಾಹೇಬರಲ್ಲಿ ಒಬ್ಬರು ಹಡಗಿನ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಒಂದು ಸಂಜೆ, ಮೂರನೆಯ ಗ್ಲಾಸಿನ ಹೊತ್ತಿಗೆ, ತಮ್ಮ ಹೊಡೆತದ ತಪ್ಪನ್ನು ಯಾರೂ ಸರಿಯಾಗಿ ಹೇಳಲಾರದೆ ಇದ್ದಾಗ, ಮಾಮ ಟ್ರೇ ಹಿಡಿದುಕೊಂಡೇ, “ಸರ್, ಎಡಮೊಣಕೈ ಮಡಚಿತು ಕಾಣ್ತದೆ” ಎಂದುಬಿಟ್ಟರಂತೆ. ಸಾಹೇಬರು ಜೋರಾಗಿ ನಕ್ಕು, “ನೀನೇ ಒಂದು ಕೋರ್ಸ್ ಮಾಡು. ನಾನು ಬಂದು ನಿನ್ನ ಜತೆ ಆಡುತ್ತೇನೆ” ಎಂದರಂತೆ. ಕೋರ್ಸ್ ಎಂದರೆ ಗಾಲ್ಫ್ ಆಡುವ ಮೈದಾನ. ಸಾಹೇಬರು ಆ ಮಾತನ್ನು ಮರುದಿನವೇ ಮರೆತಿರಬೇಕು. ಮಾಮ ಆಹ್ವಾನ ಸ್ವೀಕರಿಸಿದವರಂತೆ ಇಟ್ಟುಕೊಂಡರು.

ಆಸೆ ಅಷ್ಟೇ. ಆ ಸಾಹೇಬರ ಜತೆ ಒಂದು ಸಲ ಆಡಬೇಕು. ಬಡಿಸುವವನಾಗಿ ಅಲ್ಲ, ಆಡುವವನಾಗಿ. “ಗೆಲ್ಬೇಕು ಅಂತ ಇಲ್ಲ ಅಮ್ಮ,” ಎಂದು ನನಗೆ ಎಷ್ಟೋ ಸಲ ಹೇಳಿದ್ದರು. “ಆದ್ರೆ ಆಟ ಮುಗಿಯುವವರೆಗೆ ನಾನು ಅವರಿಗೆ ಒಂದು ಲೋಟ ನೀರು ಸಹ ಕೊಡ್ಬಾರ್ದು. ಅಷ್ಟು ಆದ್ರೆ ಸಾಕು.”

ನಾವು ಇಲ್ಲಿಗೆ ಬಂದ ಕಾಲದಲ್ಲಿ ಖಾರಘರದ ಸೆಕ್ಟರುಗಳು ನಕ್ಷೆಯಲ್ಲಿ ಹೆಚ್ಚು, ನೆಲದ ಮೇಲೆ ಕಡಿಮೆ ಇದ್ದವು. ನಮ್ಮ ಬಿಲ್ಡಿಂಗಿನ ಹಿಂದಿನ ಗೋಡೆ ದಾಟಿದರೆ ಗುಡ್ಡದ ಬುಡದವರೆಗೂ ಬಯಲು. ಮಳೆಗಾಲದಲ್ಲಿ ಕಣ್ಣು ತಂಪಾಗುವಷ್ಟು ಹಸಿರು. ಮಾರ್ಚ್ ಬಂತೆಂದರೆ ಹುಲ್ಲು ಹಪ್ಪಳದಂತೆ ಗರಿಗರಿಯಾಗಿ, ಕಾಲಿಟ್ಟಲ್ಲಿ ಪುಡಿಯಾಗುತ್ತಿತ್ತು. ಕರವಂದದ ಮುಳ್ಳುಪೊದೆ, ಅಲ್ಲೊಂದು ಇಲ್ಲೊಂದು ಮುತ್ತುಗದ ಮರ, ಬಂಡೆಯ ಮೇಲೆ ಬಿಸಿಲು ಕಾಯುವ ಉಡ, ಆಚೆ ಕಡೆಯ ಕ್ವಾರಿಯಿಂದ ಮಧ್ಯಾಹ್ನಕ್ಕೊಮ್ಮೆ ಧಡ್ ಎನ್ನುವ ಸದ್ದು. ಇಂಥ ಜಾಗದಲ್ಲಿ ಮಾಮ ನಿವೃತ್ತಿಯಾದ ಮರುವಾರವೇ ಗುದ್ದಲಿ ಹಿಡಿದು ಇಳಿದರು.

ಅಕ್ಕನಿಗೆ ಕೆಂಡದಂಥ ಕೋಪ. “ಬಿಸಿಲಲ್ಲಿ ನೆಲ ಅಗೆಯುವುದಾದ್ರೆ ಮುಂಬಯಿಗೆ ಯಾಕೆ ಬರ್ಬೇಕಿತ್ತು? ಊರಲ್ಲಿ ಗದ್ದೆ ಇರ್ಲಿಲ್ವಾ?”

ಮಾಮ ಅಗೆದದ್ದು ಆರು ಗುಳಿ. ಪ್ರತಿಯೊಂದರಲ್ಲೂ ಒಂದೊಂದು ಖಾಲಿ ವನಸ್ಪತಿ ಡಬ್ಬಿ ಹೂತರು. ನಿಶಾನೆಗೆ ಬಿದಿರುಕೋಲು, ಅದರ ತುದಿಗೆ ನನ್ನ ಹಳೆಯ ಸೀರೆಯ ಫಾಲ್ ಬಟ್ಟೆ. ಕೋಲುಗಳು ಕ್ಲಬ್ಬಿನ ಸಾಹೇಬರು ಬೇಡವೆಂದು ಬಿಟ್ಟವು, ನಿವೃತ್ತಿಯ ದಿನ ಸಿಕ್ಕವು. ಒಂದಕ್ಕೊಂದು ಜೋಡಿಯಿಲ್ಲ. ಅವುಗಳಲ್ಲಿ ಒಂದು ಎಡಗೈಯವರದು. ಚೆಂಡು ಮರದ ಬುಡಕ್ಕೆ ಅಂಟಿಕೊಂಡರೆ ಮಾಮ ಆ ಎಡಗೈ ಕೋಲನ್ನು ತೆಗೆದು, ಶಸ್ತ್ರಚಿಕಿತ್ಸೆಗೆ ನಿಂತ ಡಾಕ್ಟರಂತೆ ನಮ್ಮೆಲ್ಲರ ಮುಖ ನೋಡಿ, ಆಮೇಲೆ ಮರಕ್ಕೆ ಹೊಡೆಯುತ್ತಿದ್ದರು.

ದೊಡ್ಡ ಕೋರ್ಸುಗಳಲ್ಲಿ ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು ಇರುತ್ತದೆ. ನೀರಿಲ್ಲದ ಊರುಗಳಲ್ಲಿ ಅದರ ಬದಲು ಮರಳು ಹಾಸಿ, ಧೂಳೇಳದಂತೆ ಗಾಡಿಯ ಸುಟ್ಟ ಎಣ್ಣೆ ಚಿಮುಕಿಸುತ್ತಾರೆ ಎಂದು ಅವರು ಯಾವುದೋ ಸಾಹೇಬರ ಬಾಯಲ್ಲಿ ಕೇಳಿದ್ದರು. ಗಾಡಿಯ ಎಣ್ಣೆಗೆ ಎಲ್ಲಿ ಹೋಗುವುದು? ವಾಶಿಯಲ್ಲಿ ಅವರ ಊರಿನವರ ಹೋಟೆಲೊಂದಿತ್ತು. ಅಲ್ಲಿ ವಡೆ ಕರಿದು ಕಪ್ಪಾದ ಎಣ್ಣೆ ದಿನವೂ ಮಿಗುತ್ತಿತ್ತು. ಎಣ್ಣೆ ಎಣ್ಣೆಯೇ ಅಲ್ಲವೇ ಎಂದು ಡಬ್ಬ ಡಬ್ಬ ತಂದು ಸುರಿದರು. ಮರುದಿನ ಬೆಳಿಗ್ಗೆ ಮೈದಾನವೆಲ್ಲ ಉದ್ದಿನವಡೆಯ ಘಮ. ಆರೂ ಗುಳಿಗಳ ಸುತ್ತ ಇರುವೆಗಳ ಜಾತ್ರೆ. ಮೂರು ಬೀದಿನಾಯಿಗಳು ಮರಳು ನೆಕ್ಕುತ್ತ ಮಲಗಿದ್ದವು. ಚೆಂಡು ಉರುಳಿದರೆ ಎಳ್ಳುಂಡೆಯಂತೆ ಇರುವೆ ಮೆತ್ತಿಕೊಂಡು ಬರುತ್ತಿತ್ತು.

“ಹೊಟೇಲಿನವ್ರ ಬುದ್ಧಿ ಹೊಟೇಲಿಗೇ ಹೋಗ್ತದ ನೋಡ್ರಿ,” ಎಂದರು ದೇಸಾಯಿಯವರು. ಹುಬ್ಬಳ್ಳಿಯ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾಗಿ ಪಕ್ಕದ ಬಿಲ್ಡಿಂಗಿನಲ್ಲಿದ್ದರು. “ಚಟ್ನಿ ಒಂದ ಕಡಿಮಿ ಆತು.”

“ನಿಮ್ಮ ಬ್ಯಾಂಕಿನ ಎಣ್ಣೆ ಇದ್ರೆ ತನ್ನಿ ಮಾರಾಯ್ರೆ, ಹಾಕುವ,” ಎಂದು ಮಾಮ ಪೊರಕೆ ಹಿಡಿದು ಇರುವೆ ಗುಡಿಸತೊಡಗಿದರು. ಆಮೇಲೆ ರಿಕ್ಷಾ ಗ್ಯಾರೇಜಿನವನ ಸ್ನೇಹ ಮಾಡಿಕೊಂಡ ಮೇಲೆ ಇರುವೆ ಹೋದವು. ನಾಯಿಗಳು ಮಾತ್ರ ಒಂದು ತಿಂಗಳು ಆಸೆಯಿಂದ ಬಂದು ಮೂಸಿ ಹೋಗುತ್ತಿದ್ದವು.

ಅಲ್ಲಿ ಆಡುತ್ತಿದ್ದವರು ಮೂವರೇ. ಮಾಮ, ದೇಸಾಯಿಯವರು, ಮತ್ತು ಭಾನುವಾರದ ಬೆಳಿಗ್ಗೆ ನಿದ್ದೆಯಿಂದ ಎಬ್ಬಿಸಿ ಕರೆದೊಯ್ಯಲಾಗುತ್ತಿದ್ದ ನನ್ನ ಗಂಡ. ನಾನು ಪುನರ್ಪುಳಿಯ ಶರಬತ್ತು ತುಂಬಿದ ಫ್ಲಾಸ್ಕು, ಕೊಡೆ ಹಿಡಿದು ಹಿಂದೆ ಹೋಗುತ್ತಿದ್ದೆ. ಮೂವರಲ್ಲಿ ಯಾರ ಚೆಂಡೂ ಹೇಳಿದ ಕಡೆ ಹೋಗುತ್ತಿರಲಿಲ್ಲ. ಆದರೆ ಆಮೇಲಿನ ವಿವರಣೆಯಲ್ಲಿ ಮಾಮನನ್ನು ಸೋಲಿಸುವವರಿರಲಿಲ್ಲ.

ಕಾನೂನುಗಳೂ ಅವರವೇ. ಕೆಳಗಿನ ಪಾಡಾದ, ಅಂದರೆ ಸಣ್ಣ ಹಾಡಿಯ, ಎಮ್ಮೆಗಳು ಆ ದಾರಿಯಲ್ಲೇ ಮೇಯುತ್ತಿದ್ದವು. ಚೆಂಡು ಮಲಗಿದ ಎಮ್ಮೆಯ ಅಡಿಗೆ ಹೋದರೆ ಎಮ್ಮೆ ಏಳುವವರೆಗೆ ಕಾಯಬೇಕು, ಎಬ್ಬಿಸಬಾರದು. ನಾಲ್ಕನೆಯ ಡಬ್ಬಿಯ ಹತ್ತಿರ ಒಂದು ಹುತ್ತ. ಪಾಡಾದ ಹೆಂಗಸರು ಅದಕ್ಕೆ ಅರಿಸಿನ ಕುಂಕುಮ ಹಾಕುತ್ತಿದ್ದರು. ಅಲ್ಲಿಗೆ ಬಿದ್ದ ಚೆಂಡನ್ನು ಮಾಮ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಚಪ್ಪಲಿ ಬಿಟ್ಟು ದೂರದಿಂದ ಕೈಮುಗಿದು, “ನಾಗನಿಗೆ ಹೋದದ್ದು ನಾಗನಿಗೆ. ಹೊಸ ಚೆಂಡು ತಕ್ಕೊಳ್ಳಿ, ದಂಡ ಇಲ್ಲ,” ಎನ್ನುತ್ತಿದ್ದರು.

“ನಾಗಪ್ಪಗ ಈ ಆಟ ಬರ್ತದೇನ್ರಿ?” ಎಂದು ದೇಸಾಯಿಯವರು ಕೇಳಿದರೆ, “ನಿಮ್ಮಷ್ಟು ಬರ್ತದೆ” ಎಂಬ ಉತ್ತರ ತಯಾರಿರುತ್ತಿತ್ತು.

ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಇಂಗ್ಲಿಷು ನನಗೆ ಈ ಸಂಸಾರದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದಿಲ್ಲ. ಮಾಮನಿಗೆ ಮಾತ್ರ ಬೇಕಾಯಿತು. ಸಾಹೇಬರಿಗೆ ಪ್ರತಿ ಹೊಸವರ್ಷಕ್ಕೆ ಫೋನು ಮಾಡುವ ಕ್ರಮವಿತ್ತು. ಒಂದು ವರ್ಷ, ‘ಬನ್ನಿ’ ಎಂದು ಹೇಗೆ ಹೇಳುವುದು ಎಂದು ನನ್ನನ್ನು ಕೇಳಿದರು.

“ಪ್ಲೀಸ್ ಕಮ್ ಅಂದ್ರೆ ಸಾಕು ಮಾಮ.”

“ಅಷ್ಟೇ ಹೇಳಿದ್ರೆ ಸೊಕ್ಕು ಅನ್ಸುದಿಲ್ವಾ?”

ಕೊನೆಗೆ ನಮ್ಮ ಸೋಫಾದಲ್ಲಿ ಕೂತು ನಂಬರು ಒತ್ತಿದರು. ಆ ಕಡೆಯಿಂದ ಹಲೋ ಎಂದದ್ದೇ ತಡ, ಎದ್ದು ನಿಂತರು. ಮಾತು ಮುಗಿಯುವವರೆಗೂ ಕೂರಲಿಲ್ಲ. ನಾನು ಕೈಸನ್ನೆ ಮಾಡಿದೆ. ಅವರು ತಲೆಯಲ್ಲೇ ಆಗುವುದಿಲ್ಲ ಎಂದರು. ಹೇಳಿಕೊಟ್ಟದ್ದೆಲ್ಲ ಮರೆತು, “ಸರ್, ಕೋರ್ಸ್ ರೆಡಿ ಸರ್” ಎಂದಷ್ಟೇ ಹೇಳಿದರು. ಸಾಹೇಬರಿಗೆ ಹಳೆಯ ತಮಾಷೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿದಿರಬೇಕು. ಅಷ್ಟು ಹೊತ್ತೂ ಮಾಮ ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು, ಸಾಹೇಬರು ಬರುತ್ತಾರೆ.

ಬಂದದ್ದು ಮೇ ತಿಂಗಳಲ್ಲಿ. ಬೆಳಿಗ್ಗೆ ಬೇಗ ಎಂದಿತ್ತು. ಒಂದೇ ಥರದ ಸೆಕ್ಟರುಗಳಲ್ಲಿ ಅವರ ಕಾರು ದಾರಿ ತಪ್ಪಿ, ಸುತ್ತಿ ಸುತ್ತಿ ನಮ್ಮ ಗೇಟಿಗೆ ಬರುವಾಗ ಬಿಸಿಲು ನೆತ್ತಿಗೇರುತ್ತಿತ್ತು. ನಾನು ಎತ್ತರದ, ಗತ್ತಿನ ಮನುಷ್ಯರನ್ನು ಕಲ್ಪಿಸಿಕೊಂಡಿದ್ದೆ. ಕಾರಿನಿಂದ ಇಳಿದವರು ಒಂದು ಕಾಲು ತುಸು ಎಳೆಯುತ್ತಿದ್ದ, ಹ್ಯಾಟು ದೊಡ್ಡದಾದ ಒಬ್ಬ ಮುದುಕರು. ಶೂ ಮಾತ್ರ ಅಚ್ಚ ಬಿಳಿ.

ಮಾಮ ಮುಂಚೆಯೇ ನನ್ನನ್ನು ಪಕ್ಕಕ್ಕೆ ಕರೆದಿದ್ದರು. “ಇವತ್ತು ಪಾನಕ, ನೀರು ಎಲ್ಲ ನಿಮ್ಮ ಡಿಪಾರ್ಟ್‌ಮೆಂಟು ಅಮ್ಮ. ನನ್ನ ಕೈಗೆ ಲೋಟ ಬಂದ್ರೆ ಎಳ್ಕೊಂಡುಬಿಡಿ.”

ಅವರಿಬ್ಬರ ಮಾತು ಅರ್ಧ ಹಿಂದಿ, ಅರ್ಧ ಇಂಗ್ಲಿಷು. ನನಗೆ ನೆನಪಿರುವುದು ಕನ್ನಡದಲ್ಲಿ. ಸಾಹೇಬರು ಬಯಲನ್ನೂ, ದೂರದ ಎಮ್ಮೆಗಳನ್ನೂ ನೋಡಿ, “ಮೈದಾನ ಎಲ್ಲಿ?” ಎಂದು ಕೇಳಿದರು.

“ಕಾಣುವುದೆಲ್ಲ, ಸರ್,” ಎಂದರು ಮಾಮ.

ಇಬ್ಬರ ನಡುವೆ ಮಾತ್ರ ಪಂದ್ಯ. ಯಾರು ಹೆಚ್ಚು ಡಬ್ಬಿ ಗೆಲ್ಲುತ್ತಾರೋ ಅವರು ಗೆದ್ದಂತೆ. ದೇಸಾಯಿಯವರೂ ನನ್ನ ಗಂಡನೂ ಪ್ರೇಕ್ಷಕರು. ಸಾಹೇಬರ ಮೊದಲ ಹೊಡೆತದಲ್ಲೇ ಅವರು ಒಂದು ಕಾಲದಲ್ಲಿ ಹೇಗೆ ಆಡಿದ್ದರೆಂದು ನನ್ನಂಥವಳಿಗೂ ತಿಳಿಯಿತು. ಆದರೆ ಹುಲ್ಲಿನಲ್ಲಿ ಕಲಿತ ಕೈಗೆ ಈ ಕಲ್ಲುನೆಲ ಹೊಸದು. ಚೆನ್ನಾಗಿ ಹೊಡೆದ ಚೆಂಡು ಬಂಡೆಗೆ ತಾಗಿ ಹಿಂದಕ್ಕೇ ಬರುತ್ತಿತ್ತು. ಮಾಮನ ಕೆಟ್ಟ ಹೊಡೆತ ಅದೇ ಬಂಡೆಗೆ ತಾಗಿ ಮುಂದಕ್ಕೆ ಹೋಗುತ್ತಿತ್ತು. ಬಂಡೆಗೂ ಪರಿಚಯ ಇರುತ್ತದೆಯೋ ಏನೋ.

ಎರಡನೆಯ ಡಬ್ಬಿಯ ಹತ್ತಿರ ಸಾಹೇಬರ ಕೈಯಿಂದ ಕೋಲು ಜಾರಿ ಬಿತ್ತು. ಮಾಮ ಬಾಗಿಯೇಬಿಟ್ಟರು. ಅರ್ಧ ಬಾಗಿದ ಮೇಲೆ ನೆನಪಾಯಿತು. ಅಲ್ಲಿಂದಲೇ ಕೈ ತಿರುಗಿಸಿ ತಮ್ಮ ಶೂ ಲೇಸು ಕಟ್ಟಿಕೊಳ್ಳತೊಡಗಿದರು. ಅವರ ಶೂಗೆ ಲೇಸೇ ಇರಲಿಲ್ಲ. ಇನ್ನೊಂದು ಸಲ ಸಾಹೇಬರು ಶರಬತ್ತು ಕುಡಿದು, ಗುಡ್ಡ ನೋಡುತ್ತಲೇ ಖಾಲಿ ಲೋಟವನ್ನು ಪಕ್ಕಕ್ಕೆ ಚಾಚಿದರು. ಮಾಮನ ಬಲಗೈ ತಾನಾಗಿ ಮೇಲೆದ್ದಿತು. ನಾನು ಹೆಜ್ಜೆ ಹಾಕಿ ಲೋಟ ತೆಗೆದುಕೊಂಡೆ. ಎದ್ದ ಕೈಯಿಂದ ಮಾಮ ಹಣೆಯ ಬೆವರು ಒರೆಸಿಕೊಂಡರು. ಆ ಹೊತ್ತಿನಲ್ಲಿ ಗೆಲುವಿಗಿಂತ ಇದೇ ಅವರಿಗೆ ಕಷ್ಟದ ಆಟವಾಗಿತ್ತು.

ಐದು ಡಬ್ಬಿ ಮುಗಿದಾಗ, ತಲಾ ಎರಡು ಗೆದ್ದು ಒಂದು ಸರಿಸಮವಾಗಿ, ಇಬ್ಬರೂ ಸಮ. ಆರನೆಯದರಲ್ಲಿ ಸಾಹೇಬರು ಮೊದಲು ಮುಗಿಸಿದರು. ಮಾಮನ ಚೆಂಡಿಗೂ ಡಬ್ಬಿಗೂ ನಡುವೆ ಒಂದು ಪೊರಕೆಯಷ್ಟು ಅಂತರ. ಹಾಕಿದರೆ ಪಂದ್ಯ ಸಮ, ತಪ್ಪಿದರೆ ಸೋಲು. ಆಗ ಸಾಹೇಬರು ಹೋಗಿ ಬಿದಿರುಕೋಲನ್ನು ಡಬ್ಬಿಯಿಂದ ಎತ್ತಿ, ನೆಟ್ಟಗೆ ಹಿಡಿದು ನಿಂತರು. ಒಬ್ಬ ಆಡುವಾಗ ಇನ್ನೊಬ್ಬ ಹಾಗೆ ನಿಶಾನೆ ಹಿಡಿಯುವುದು ಆ ಆಟದ ಮರ್ಯಾದೆಯಂತೆ. ಆದರೆ ಸಾಹೇಬರು ಬಿಸಿಲಲ್ಲಿ ತನಗಾಗಿ ಕೋಲು ಹಿಡಿದು ನಿಂತಿರುವುದನ್ನು ಕಂಡು ಮಾಮನಿಗೆ ಹೊಡೆಯಲಾಗಲಿಲ್ಲ. ಚೆಂಡಿನ ಹತ್ತಿರ ಹೋದರು, ಹಿಂದೆ ಬಂದರು. ಮತ್ತೆ ಹೋದರು.

“ಸರ್, ನೀವು ನೆರಳಿಗೆ ಹೋಗಿ.”

“ನೀನು ಆಡು.”

ಮತ್ತೆ ಆಗಲಿಲ್ಲ. ಸಾಹೇಬರಿಗೆ ಅರ್ಥವಾಗಿರಬೇಕು. ಕೋಲು ಪಕ್ಕಕ್ಕಿಟ್ಟು, ಮೆಲ್ಲಗೆ, “ಇಷ್ಟು ಹತ್ತಿರದ್ದನ್ನು ನಮ್ಮಲ್ಲಿ ಆಡಿಸುವುದಿಲ್ಲ. ಬಿದ್ದ ಹಾಗೇ ಲೆಕ್ಕ. ಎತ್ತಿಕೋ, ಕೊಟ್ಟಿದ್ದೇನೆ,” ಎಂದರು. ಎದುರಾಳಿ ಹಾಗೆ ಬಿಟ್ಟುಕೊಡುವ ಪದ್ಧತಿಯೂ ಆ ಆಟದಲ್ಲಿದೆ. ನನ್ನ ಗಂಡ ಸಮಾಧಾನದಿಂದ ಚಪ್ಪಾಳೆಗೆ ಕೈ ಎತ್ತಿದರು.

“ಬೇಡ ಸರ್,” ಎಂದರು ಮಾಮ.

“ನಿಯಮದಲ್ಲೇ ಇದೆ.”

“ಗೊತ್ತುಂಟು ಸರ್. ಕೊಡುದು ಬೇಡ. ಆಡ್ತೇನೆ.”

ಕೊನೆಯ ಮಾತು ಗಡಿಬಿಡಿಯಲ್ಲಿ ಕನ್ನಡದಲ್ಲೇ ಬಂದಿತ್ತು. ಸಾಹೇಬರಿಗೆ ಅರ್ಥವಾಯಿತೋ ಇಲ್ಲವೋ, ಅವರು ಬಿದಿರುಕೋಲನ್ನು ಮತ್ತೆ ಎತ್ತಿ ಹಿಡಿದರು. ಈ ಸಲ ಮಾಮ ಅವಸರ ಮಾಡಲಿಲ್ಲ. ಡಬ್ಬಿಗೆ ಒಂದು ಸುತ್ತು ಬಂದರು. ಕುಕ್ಕುರುಗಾಲಲ್ಲಿ ಕೂತು ಮರಳು ನೋಡಿದರು. ಎದ್ದು ಇನ್ನೊಂದು ಕಡೆಯಿಂದ ನೋಡಿದರು. ಸಾಹೇಬರ ಕತ್ತಿನಿಂದ ಬೆವರು ಇಳಿಯುತ್ತಿತ್ತು, ಅವರು ಕಾದರು. ನಾನು ಕೊಡೆ ಹಿಡಿಯಲು ಹೊರಟೆ, ಅವರು ಬೇಡವೆಂದು ತಲೆಯಾಡಿಸಿದರು.

ಮಾಮ ಹೊಡೆದರು. ಚೆಂಡು ಡಬ್ಬಿಯ ಅಂಚಿನವರೆಗೂ ಭಕ್ತಿಯಿಂದ ಹೋಗಿ, ಎಡಕ್ಕೆ ತಿರುಗಿ, ಸಾಹೇಬರ ಶೂ ಮುಟ್ಟಿ ನಿಂತಿತು.

“ತಗೊಂಡಿದ್ರ ಮುಗೀತಿತ್ತಲ್ರಿ,” ಎಂದು ದೇಸಾಯಿಯವರು ಮರಳುವ ದಾರಿಯಲ್ಲಿ ನಾಲ್ಕೈದು ಸಲ ಹೇಳಿದರು. ಮಾಮ ಎಲ್ಲರಿಗಿಂತ ಮುಂದೆ ಬಿರಬಿರನೆ ನಡೆದರು. ಸಾಹೇಬರು ಕೈಕುಲುಕಿದ್ದಕ್ಕೆ ಕೈಕೊಟ್ಟದ್ದೂ ಅರೆಮನಸ್ಸಿನಿಂದ.

ಮನೆಯಲ್ಲಿ ಅಕ್ಕ ಕೋರಿ ರೊಟ್ಟಿ, ಅಂದರೆ ಗರಿಗರಿ ಅಕ್ಕಿರೊಟ್ಟಿಗೆ ಕೋಳಿಸಾರು, ಮಾಡಿ ಕಾದಿದ್ದರು. ಟೇಬಲ್ಲಿನಲ್ಲಿ ಸಾಹೇಬರು, ಎದುರಿಗೆ ಮಾಮ. ಗಂಡಸರಿಗೆ ಬಡಿಸಿ ನಾವಿಬ್ಬರೂ ಅಡಿಗೆಮನೆಯ ಬಾಗಿಲಲ್ಲಿ ನಿಂತೆವು. ಮಾಮ ರೊಟ್ಟಿಯನ್ನು ಲಟಕ್ ಲಟಕ್ ಎಂದು ಮುರಿಯುತ್ತಿದ್ದರು, ರೊಟ್ಟಿಯೇ ತಪ್ಪು ಮಾಡಿದೆ ಎಂಬಂತೆ. ಸಾಹೇಬರಿಗೆ ಸಾರಿನ ಖಾರ ಹತ್ತಿ ಕಣ್ಣಲ್ಲಿ ನೀರು. ಅವರ ಲೋಟ ಖಾಲಿ.

“ಇವ್ರೇ, ಅವ್ರ ಗ್ಲಾಸು ಖಾಲಿ ಉಂಟು,” ಎಂದರು ಅಕ್ಕ, ಕೇಳಿಯೂ ಕೇಳದಷ್ಟು ಮೆಲ್ಲಗೆ.

ಮಾಮ ತಟ್ಟೆಯಿಂದ ತಲೆ ಎತ್ತಲಿಲ್ಲ. “ಜಗ್ಗು ಅವರ ಹತ್ರವೇ ಉಂಟಲ್ಲ.”

ಅಕ್ಕ ನನ್ನ ಮೊಣಕೈ ಹಿಡಿದುಕೊಂಡರು. ಸಾಹೇಬರು ಜಗ್ಗು ಎಳೆದುಕೊಂಡು ತಮಗೆ ನೀರು ಹಾಕಿಕೊಂಡರು. ಕುಡಿದು, ಎದುರಿನ ಲೋಟವೂ ಖಾಲಿಯಿರುವುದನ್ನು ನೋಡಿ, ಅದಕ್ಕೂ ತುಂಬಿಸಿ ಮುಂದೆ ಸರಿಸಿದರು.

“ಎಡಕ್ಕೆ ಇಳಿಜಾರು ಉಂಟು ಅಂತ ನನಗೆ ಗೊತ್ತಿತ್ತು,” ಎಂದು ಮಾಮ ಗೊಣಗಿದರು. ಆಮೇಲೆ ಲೋಟ ಎತ್ತಿ, ಯಾರು ತುಂಬಿಸಿದರೆಂದು ನೋಡದೆಯೇ, ಗಟಗಟ ಕುಡಿದು ಕೆಳಗಿಟ್ಟರು.